ಬಾಗಿಲಲ್ಲೇ ಮೂವತ್ತು ವರುಷ: ಸಂತ ಮಾರ್ಕ್ ಜಿ ಅವರ ಬಾಳು

ಪ್ರತಿ ವರುಷ ಜುಲೈ 9ರಂದು ಧರ್ಮಸಭೆಯು ಚೀನಾ ದೇಶದ 120 ಮಂದಿ ರಕ್ತಸಾಕ್ಷಿಗಳನ್ನು ಸ್ಮರಿಸುತ್ತದೆ. ಅವರಲ್ಲಿ 87 ಮಂದಿ ಚೀನೀಯರು, 33 ಮಂದಿ ಹೊರದೇಶಗಳಿಂದ ಹೋದ ಮಿಷನರಿಗಳು. ಧರ್ಮಾಧ್ಯಕ್ಷರು, ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು, ಮನೆವಾರ್ತೆ ನೋಡಿಕೊಂಡಿದ್ದ ತಾಯಂದಿರು, ಎಳೆಯ ಮಕ್ಕಳು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಅದೇ ಪಟ್ಟಿಯಲ್ಲಿ ಒಬ್ಬ ಅಫೀಮು ವ್ಯಸನಿಯೂ ಇದ್ದಾರೆ. ಚಟ ಬಿಟ್ಟು ಸಂತರಾದವರ ಕತೆಗಳನ್ನು ನಾವು ಕೇಳಿದ್ದೇವೆ. ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರ ಕತೆ ಹಾಗಿಲ್ಲ. ಅವರ ಚರಿತ್ರೆ ಹೇಳುವ ಪ್ರಕಾರ, ಕತ್ತಿಗೆ ಕೊರಳೊಡ್ಡುವ ದಿನದವರೆಗೂ ಆ ಚಟ ಅವರನ್ನು ಬಿಟ್ಟಿರಲಿಲ್ಲ.

ನಮ್ಮ ಕುಟುಂಬಗಳಲ್ಲಿ ಮಾದಕ ವ್ಯಸನದ ನೋವು ಹೊಸದೇನಲ್ಲ. ಮಗ ಹಾಳಾದ ಎಂದು ತಂದೆ ಸಿಟ್ಟಾಗುತ್ತಾನೆ. ಯಾರ ಕಣ್ಣು ಬಿತ್ತೋ ಎಂದು ತಾಯಿ ಅಳುತ್ತಾಳೆ. ಇದು ಅಪರಾಧ ಎನ್ನುತ್ತಾರೆ ಪೊಲೀಸರು, ಕಾಯಿಲೆ ಎನ್ನುತ್ತಾರೆ ವೈದ್ಯರು, ಪಾಪ ಎನ್ನುತ್ತೇವೆ ನಾವು ಗುರುಗಳು. ಇವರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆ ಹಿಡಿದು ಸಂತ ಮಾರ್ಕರ ಬಾಳನ್ನು ಓದಿದರೆ ನಮಗೆ ಕೆಲವು ವಿಷಯಗಳು ಸ್ಪಷ್ಟವಾಗುತ್ತವೆ.

ಗಸಗಸೆ ಹೊಲದಿಂದ ಚೀನಾದವರೆಗೆ

ನಾವು ಹಬ್ಬದ ದಿನ ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ ಬೀಜವೋ ಅದೇ ಗಿಡದ ಎಳೆಯ ಕಾಯಿಯಿಂದ ಅಫೀಮು ಬರುತ್ತದೆ. ಕಾಯಿಯ ಮೇಲೆ ಗೀರು ಎಳೆದರೆ ಹಾಲು ಒಸರುತ್ತದೆ. ಅದನ್ನು ಒಣಗಿಸಿದರೆ ಅಫೀಮು. ಅದರೊಳಗಿರುವ ಮುಖ್ಯ ವಸ್ತು ಮಾರ್ಫಿನ್. ನೋವು ತಗ್ಗಿಸಲು, ಭೇದಿ ನಿಲ್ಲಿಸಲು, ಕೆಮ್ಮು ಅಡಗಿಸಲು ಅದಕ್ಕೆ ಸಮನಾದ ಮದ್ದು ಹಿಂದಿನವರ ಬಳಿ ಇರಲಿಲ್ಲ.

ಚೀನಾ ದೇಶವನ್ನು ಆವರಿಸಿದ ಅಫೀಮಿನ ದೊಡ್ಡ ಪಾಲು ನಮ್ಮ ಭಾರತದ ಮಣ್ಣಿನಲ್ಲಿ ಬೆಳೆದದ್ದು ಎಂಬುದನ್ನು ನಾವು ಮರೆಯಬಾರದು. ಈಸ್ಟ್ ಇಂಡಿಯಾ ಕಂಪನಿಯವರು ಬಿಹಾರ ಮತ್ತು ಬನಾರಸ್ ಸೀಮೆಯ ರೈತರಿಂದ ಗಸಗಸೆ ಬೆಳೆಸಿ, ಪಾಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಅಫೀಮು ಕಟ್ಟಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಮಾಳವದ ಅಫೀಮು ಮುಂಬಯಿಯಿಂದ ಹಡಗು ಹತ್ತುತ್ತಿತ್ತು. 1839ರಲ್ಲಿ ಚೀನಾ ಚಕ್ರವರ್ತಿಯ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶ ಮಾಡಿಸಿದರು. ಅದೇ ನೆಪವಾಗಿ ಬ್ರಿಟಿಷರು ಯುದ್ಧ ಹೂಡಿದರು. ಎರಡು ಯುದ್ಧಗಳಲ್ಲಿ ಸೋತ ಚೀನಾ 1858ರಲ್ಲಿ ಅಫೀಮನ್ನು ಸುಂಕ ಕಟ್ಟಿ ತರಬಹುದಾದ ಸರಕೆಂದು ಒಪ್ಪಬೇಕಾಯಿತು. ಅದೇ ವರುಷದ ಒಪ್ಪಂದಗಳು ಕ್ರೈಸ್ತ ಮಿಷನರಿಗಳಿಗೂ ಒಳನಾಡಿನ ದಾರಿ ತೆರೆದವು. ಶುಭಸಂದೇಶವೂ ಅಫೀಮೂ ಒಂದೇ ಬಾಗಿಲಿನಿಂದ ಒಳಗೆ ಬಂದಂತೆ ಚೀನೀಯರಿಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ವೈದ್ಯರೇ ರೋಗಿಯಾದದ್ದು

ಮಾರ್ಕರು ಹುಟ್ಟಿದ್ದು 1834ರಲ್ಲಿ, ಈಗಿನ ಹೆಬೆಯ್ ಪ್ರಾಂತ್ಯದ ಜಿಝೌ ಸೀಮೆಯ ಹಳ್ಳಿಯೊಂದರಲ್ಲಿ. ಜಿ ಎಂಬುದು ಮನೆತನದ ಹೆಸರು. ಚೀನೀಯರಲ್ಲಿ ಅದು ಮೊದಲು ಬರುತ್ತದೆ. ಮಾರ್ಕ್ ಎಂಬುದು ಜ್ಞಾನಸ್ನಾನದ ಹೆಸರು. ಕ್ರೈಸ್ತ ಮನೆತನದಲ್ಲಿ ಬೆಳೆದ ಅವರು ವೈದ್ಯರಾದರು, ಮದುವೆಯಾಗಿ ಮಕ್ಕಳನ್ನು ಪಡೆದರು. ಬಡವರಿಂದ ಅವರು ಹಣ ತೆಗೆದುಕೊಳ್ಳುತ್ತಿರಲಿಲ್ಲ. ಆ ಸೀಮೆಯಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು, ಕ್ರೈಸ್ತ ಸಮುದಾಯದಲ್ಲಿ ಗೌರವವಿತ್ತು.

ಹೀಗಿರುವಾಗ ಅವರಿಗೆ ಹೊಟ್ಟೆಯ ಬೇನೆ ಹಿಡಿಯಿತು. ನೋವು ತಾಳಲಾರದೆ ಅಂದಿನ ವೈದ್ಯರೆಲ್ಲ ಮಾಡುವಂತೆ ಅವರೂ ಅಫೀಮನ್ನು ಮದ್ದಾಗಿ ತೆಗೆದುಕೊಂಡರು. ಮೋಜಿಗಾಗಲಿ ಕೆಟ್ಟ ಸಹವಾಸದಿಂದಾಗಲಿ ಅವರು ಅದನ್ನು ಮುಟ್ಟಿದವರಲ್ಲ. ಬೇನೆ ಕಡಿಮೆಯಾಯಿತು, ಅಫೀಮು ಮಾತ್ರ ಉಳಿಯಿತು.

ಇದು ಹೇಗೆ ಆಗುತ್ತದೆ ಎಂಬುದು ಇಂದು ನಮಗೆ ತಿಳಿದಿದೆ. ನೋವನ್ನು ತಣಿಸುವ ಒಂದು ಬಗೆಯ ರಸವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಮಿದುಳಿನಲ್ಲಿ ಅದು ಹೋಗಿ ಕೂರುವ ತಾಣಗಳಿವೆ. 1973ರಲ್ಲಿ ವಿಜ್ಞಾನಿಗಳು ಈ ತಾಣಗಳನ್ನು ಗುರುತಿಸಿದರು. ಅಫೀಮಿನ ಮಾರ್ಫಿನ್ ಅದೇ ತಾಣಗಳಲ್ಲಿ ಹೋಗಿ ಕೂರುತ್ತದೆ. ದಿನಗಳೆದಂತೆ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಬಿಟ್ಟರೆ ಒಂದೇ ದಿನದೊಳಗೆ ಮೈ ತಿರುಗಿಬೀಳುತ್ತದೆ. ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಹೊಟ್ಟೆ ಹಿಂಡುವಿಕೆ, ಭೇದಿ, ಮೈಕೈ ನೋವು, ನಿದ್ದೆ ಬಾರದ ರಾತ್ರಿಗಳು. ಹೊಟ್ಟೆಬೇನೆಗೆಂದೇ ಅಫೀಮು ಹಿಡಿದ ಮನುಷ್ಯನಿಗೆ, ಬಿಟ್ಟಾಗ ಮತ್ತೆ ಹೊಟ್ಟೆ ಹಿಂಡಿದರೆ ಅವನ ಕೈ ಎಲ್ಲಿಗೆ ಹೋದೀತು? ಕೆಲವು ದಿನ ಹಲ್ಲುಕಚ್ಚಿ ಈ ಸಂಕಟ ದಾಟಿದರೂ ಒಳಗಿನ ಹಂಬಲ ತಿಂಗಳುಗಟ್ಟಲೆ, ಕೆಲವೊಮ್ಮೆ ವರುಷಗಟ್ಟಲೆ ಉಳಿಯುತ್ತದೆ.

ಪಾಪನಿವೇದನೆಯ ಬಾಗಿಲಲ್ಲಿ

ಮಾರ್ಕರು ಇದನ್ನು ಪಾಪವೆಂದೇ ತಿಳಿದಿದ್ದರು. ಪಾಪನಿವೇದನೆಗೆ ಹೋದರು, ತಪ್ಪೊಪ್ಪಿಕೊಂಡರು, ಬಿಡುತ್ತೇನೆಂದು ಸಂಕಲ್ಪ ಮಾಡಿದರು. ಮತ್ತೆ ಬಿದ್ದರು. ಮತ್ತೆ ಅದೇ ಪಾಪವನ್ನು ಹೊತ್ತು ಅದೇ ಗುರುಗಳ ಮುಂದೆ ಮೊಣಕಾಲೂರಿದರು. ಹಲವು ಸಲ ಹೀಗಾದ ಮೇಲೆ ಗುರುಗಳು ಅವರಿಗೆ ಪಾಪವಿಮೋಚನೆ ಕೊಡಲು ನಿರಾಕರಿಸಿದರು. ಅಫೀಮು ಬಿಡುವವರೆಗೆ ಪಾಪನಿವೇದನೆಯೂ ಇಲ್ಲ, ಪರಮಪ್ರಸಾದವೂ ಇಲ್ಲ ಎಂದಾಯಿತು.

ಆ ಗುರುಗಳನ್ನು ಕಟುಕರೆಂದು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಪಾಪನಿವೇದನೆ ಮಾಡುವವರಲ್ಲಿ ಪಶ್ಚಾತ್ತಾಪದ ಜೊತೆಗೆ ಆ ಪಾಪವನ್ನು ಮತ್ತೆ ಮಾಡೆನೆಂಬ ದೃಢ ಸಂಕಲ್ಪ ಇರಬೇಕೆಂದು ಧರ್ಮಸಭೆ ಅಂದೂ ಕಲಿಸಿತು, ಇಂದೂ ಕಲಿಸುತ್ತದೆ. ಮತ್ತೆ ಮತ್ತೆ ಬೀಳುವುದನ್ನು ಕಂಡ ಗುರುಗಳು ಸಂಕಲ್ಪವೇ ಇಲ್ಲವೆಂದು ತೀರ್ಮಾನಿಸಿದರು. ಸಂಕಲ್ಪವಿದ್ದೂ ಬೀಳುವ ಕಾಯಿಲೆಯೊಂದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಂದಿನ ವೈದ್ಯರಲ್ಲೂ ಬಹುಮಂದಿಗೆ ಗೊತ್ತಿರಲಿಲ್ಲ. ಸ್ವತಃ ವೈದ್ಯರಾಗಿದ್ದ ಮಾರ್ಕರಿಗೇ ಗೊತ್ತಿರಲಿಲ್ಲ.

ಹೀಗೆ ಸುಮಾರು 30 ವರುಷ ಕಳೆಯಿತು. ಪದೇ ಪದೇ ಪರಮಪ್ರಸಾದ ಸ್ವೀಕರಿಸುವ ರೂಢಿ ಆ ಕಾಲದಲ್ಲಿ ಇರಲಿಲ್ಲ ನಿಜ. ಜಗದ್ಗುರು ಹತ್ತನೇ ಪಿಯುಸ್ ಅದಕ್ಕೆ ಪ್ರೋತ್ಸಾಹ ಕೊಟ್ಟದ್ದು 1905ರಲ್ಲಿ. ಆದರೂ ವರುಷಕ್ಕೊಮ್ಮೆ ಪಾಸ್ಖಹಬ್ಬದ ಕಾಲದಲ್ಲಿ ಊರಿಗೆ ಊರೇ ಪರಮಪ್ರಸಾದಕ್ಕೆ ಏಳುವಾಗ ಕೂತಲ್ಲೇ ಕೂರುವುದು ಎಂತಹ ಅವಮಾನ! ಊರಿಗೆಲ್ಲ ಮದ್ದು ಕೊಡುವ ವೈದ್ಯ, ಮಕ್ಕಳು ಮೊಮ್ಮಕ್ಕಳ ಮುಂದೆ ತಲೆತಗ್ಗಿಸಿ ಕೂರಬೇಕು. ನಮ್ಮಲ್ಲಿ ಯಾರಾದರೂ ಆಗಿದ್ದರೆ ಒಂದೆರಡು ವರುಷದಲ್ಲಿ ದೇವಾಲಯದ ಕಡೆ ಬರುವುದನ್ನೇ ಬಿಡುತ್ತಿದ್ದೆವು. ಗುರುಗಳ ಮೇಲೆ ಕೋಪ, ದೇವರ ಮೇಲೆ ಮುನಿಸು, ನನಗೆ ಇದೇ ಹಣೆಬರಹ ಎಂಬ ಉದಾಸೀನ, ಯಾವುದಾದರೊಂದು ನಮ್ಮನ್ನು ಹೊರಗೆ ಎಳೆಯುತ್ತಿತ್ತು.

ಮಾರ್ಕರು ಹೊರಗೆ ಹೋಗಲಿಲ್ಲ. ಪ್ರಾರ್ಥನೆ ಬಿಡಲಿಲ್ಲ, ವಿಶ್ವಾಸ ಬಿಡಲಿಲ್ಲ. ಚಟದೊಂದಿಗೆ ಹೋರಾಡಿದರು, ಸೋತರು, ಮತ್ತೆ ಹೋರಾಡಿದರು. ಕೊನೆಗೆ ದೇವರಲ್ಲಿ ಒಂದೇ ಒಂದು ವರ ಬೇಡತೊಡಗಿದರು. ಅದು ರಕ್ತಸಾಕ್ಷಿಯಾಗಿ ಸಾಯುವ ವರ. ಈ ಚಟ ಗೆದ್ದು ಸ್ವರ್ಗ ಸೇರುವುದು ತನ್ನಿಂದಾಗದು, ಕ್ರಿಸ್ತನಿಗಾಗಿ ಪ್ರಾಣ ಕೊಟ್ಟಾದರೂ ಸೇರುತ್ತೇನೆ ಎಂಬುದು ಅವರಿಗೆ ಉಳಿದಿದ್ದ ಒಂದೇ ಆಸೆ.

ಅಂದಿನ ಚಿಕಿತ್ಸೆಗಳು

ಅವರ ಕಾಲದಲ್ಲಿ ಚಿಕಿತ್ಸೆಯೇ ಇರಲಿಲ್ಲವೆಂದಲ್ಲ. ಚೀನಾದ ಹಲವೆಡೆ ಪ್ರೊಟೆಸ್ಟೆಂಟ್ ಮಿಷನರಿಗಳು ಅಫೀಮು ಬಿಡಿಸುವ ಆಶ್ರಯಗಳನ್ನು ತೆರೆದಿದ್ದರು. ಶಾನ್ಶಿ ಪ್ರಾಂತ್ಯದಲ್ಲಿ ತಾನೇ ಅಫೀಮು ಬಿಟ್ಟು ಕ್ರೈಸ್ತನಾಗಿದ್ದ ಶಿ ಎಂಬ ಪಾಳಕರು ಇಂತಹ ಅನೇಕ ಆಶ್ರಯಗಳನ್ನು ನಡೆಸಿದರು. ಅಲ್ಲಿ ಮದ್ದಿನ ಗುಳಿಗೆಯ ಜೊತೆ ಪ್ರಾರ್ಥನೆ ಇತ್ತು, ಬಿಟ್ಟವರ ಸಂಗವಿತ್ತು. ಇನ್ನು ಕೆಲವೆಡೆ ಅಫೀಮಿಗೆ ಬದಲಾಗಿ ಮಾರ್ಫಿನ್ ಗುಳಿಗೆ ಕೊಟ್ಟರು. ಅಫೀಮಿನ ಸಾರವೇ ಮಾರ್ಫಿನ್. ಜನ ಒಂದನ್ನು ಬಿಟ್ಟು ಇನ್ನೊಂದಕ್ಕೆ ದಾಸರಾದರು. ಚೀನೀಯರು ಅದನ್ನು ಯೇಸುವಿನ ಅಫೀಮು ಎಂದು ಕರೆದರಂತೆ. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿ ಕೆಮ್ಮಿನ ಮದ್ದೆಂದು ಮಾರುಕಟ್ಟೆಗೆ ತಂದ ಹೊಸ ವಸ್ತುವಿನ ಹೆಸರು ಹೆರಾಯಿನ್. ತಿಳುವಳಿಕೆಯಿಲ್ಲದ ಕರುಣೆಯೂ ಕೆಡುಕು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

1900ರ ಜುಲೈ

ಆ ಹೊತ್ತಿಗೆ ಉತ್ತರ ಚೀನಾ ಕುದಿಯುತ್ತಿತ್ತು. ಮಳೆಯಿಲ್ಲ, ಬೆಳೆಯಿಲ್ಲ, ಮೇಲೆ ಪರಕೀಯರ ದರ್ಪ. ಬಾಕ್ಸರ್‌ಗಳೆಂದು ಹೆಸರಾದ ದಂಗೆಕೋರರು ಪರಕೀಯರನ್ನೂ ಅವರ ಧರ್ಮ ಸೇರಿದವರೆಂದು ಚೀನೀ ಕ್ರೈಸ್ತರನ್ನೂ ಹುಡುಕಿ ಕೊಲ್ಲತೊಡಗಿದರು. ಸಾವಿರಾರು ವಿಶ್ವಾಸಿಗಳು ಸತ್ತರು. ಧರ್ಮ ತೊರೆದವರಿಗೆ ಜೀವ ಉಳಿಯುತ್ತಿತ್ತು.

ಮಾರ್ಕರನ್ನು ಹಿಡಿದಾಗ ಅವರ ವಯಸ್ಸು 66. ಜೊತೆಯಲ್ಲಿ ಮಗ, ಇಬ್ಬರು ಸೊಸೆಯಂದಿರು, ಆರು ಮಂದಿ ಮೊಮ್ಮಕ್ಕಳು. ಮೂವತ್ತು ವರುಷ ಸಂಸ್ಕಾರಗಳಿಂದ ದೂರವಿದ್ದ ಅಫೀಮು ವ್ಯಸನಿ ಮೊದಲು ಜಾರುತ್ತಾನೆ ಎಂದು ಯಾರಾದರೂ ಎಣಿಸಿದ್ದರೆ ಅದು ಸಹಜವೇ. ಆದರೆ ಅವರು ಜಾರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಮೊಮ್ಮಗನೊಬ್ಬ ಕೇಳಿದಾಗ, ನಮ್ಮ ಮನೆಗೆ ಎಂದು ಅಜ್ಜ ಉತ್ತರ ಕೊಟ್ಟರೆಂದು ಅವರ ಚರಿತ್ರೆ ಹೇಳುತ್ತದೆ. ಕೊಲ್ಲುವವರ ಬಳಿ ಅವರು ಒಂದೇ ಕೋರಿಕೆ ಇಟ್ಟರು: ತನ್ನನ್ನು ಎಲ್ಲರಿಗಿಂತ ಕೊನೆಗೆ ಕೊಲ್ಲಬೇಕು. ತನ್ನವರಲ್ಲಿ ಒಬ್ಬರೂ ಒಂಟಿಯಾಗಿ ಸಾಯಬಾರದೆಂಬುದು ಅವರ ಉದ್ದೇಶ. ಮನೆಯ ಒಂಬತ್ತು ಮಂದಿಯ ತಲೆ ಉರುಳುವವರೆಗೂ ಅವರು ಪಕ್ಕದಲ್ಲಿ ನಿಂತು ಧೈರ್ಯ ಹೇಳಿದರು. ಕೊನೆಗೆ ಮರಿಯಮ್ಮನವರ ಪ್ರಾರ್ಥನಾಮಾಲೆಯನ್ನು ಹಾಡುತ್ತಾ ತಾವೂ ಕೊರಳೊಡ್ಡಿದರು. ಅಂದು 1900ರ ಜುಲೈ 7.

ಸರಿಯಾಗಿ ನೂರು ವರುಷದ ಮೇಲೆ, 2000ದ ಅಕ್ಟೋಬರ್ 1ರಂದು, ಜಗದ್ಗುರು ಎರಡನೇ ಜಾನ್ ಪೌಲ್ ಅವರನ್ನು ಇತರ ರಕ್ತಸಾಕ್ಷಿಗಳೊಡನೆ ಸಂತರೆಂದು ಸಾರಿದರು. ಮೂವತ್ತು ವರುಷ ಪರಮಪ್ರಸಾದದ ಪಂಕ್ತಿಯಿಂದ ಹೊರಗಿದ್ದವರ ಹೆಸರು ಬಲಿಪೀಠದ ಮುಂದೆ ಪಠಿಸುವ ಹೆಸರಾಯಿತು.

ನಂತರ ಬಂದ ತಿಳುವಳಿಕೆ

ಮಾರ್ಕರ ಮರಣದ ನಂತರ ವ್ಯಸನವನ್ನು ಅರ್ಥಮಾಡಿಕೊಳ್ಳುವ ದಾರಿಗಳು ಹಲವು ಹುಟ್ಟಿದವು. ಒಂದು, ಕಾನೂನಿನ ದಾರಿ. 1912ರಲ್ಲಿ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಅಫೀಮು ಒಪ್ಪಂದವಾಯಿತು. ಮುಂದೆ ನಾನಾ ದೇಶಗಳು ವ್ಯಸನಿಯನ್ನು ಅಪರಾಧಿಯೆಂದೇ ಕಂಡವು. ನಮ್ಮ ದೇಶದ 1985ರ ಮಾದಕ ವಸ್ತು ಕಾಯಿದೆಯೂ ಕಠಿಣವಾದದ್ದೇ. ಆದರೆ ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ಪಾರಾಗುವ ಅವಕಾಶ ಅದರಲ್ಲೇ ಇದೆ. ಇದು ಎಷ್ಟೋ ತಂದೆತಾಯಿಗಳಿಗೆ ತಿಳಿದಿಲ್ಲ.

ಎರಡು, ಸಂಗದ ದಾರಿ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಲೋಕವ್ಯಾಪಿ. 1953ರಲ್ಲಿ ಮಾದಕ ವ್ಯಸನಿಗಳಿಗಾಗಿಯೂ ಅಂತಹ ಸಂಘ ಹುಟ್ಟಿತು. ನನ್ನಿಂದ ಆಗದು ಎಂದು ಒಪ್ಪಿಕೊಳ್ಳುವುದು, ದೇವರ ಬಲಕ್ಕೆ ತನ್ನನ್ನು ಒಪ್ಪಿಸುವುದು, ತನ್ನಂಥವನಿಗೆ ನೆರವಾಗುವುದು ಅದರ ತಿರುಳು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದಿದ್ದ ಆ ದಿನಗಳಲ್ಲಿ, 1939ರಿಂದ, ಆಕ್ರನ್‌ನ ಸಂತ ತೋಮಸರ ಆಸ್ಪತ್ರೆಯ ಕನ್ಯಾಸ್ತ್ರೀ ಸಿಸ್ಟರ್ ಇಗ್ನೇಷಿಯಾ ಅವರಿಗೆ ಹಾಸಿಗೆ ಕೊಟ್ಟರು. ಮೊದಲ ರೋಗಿಯನ್ನು ಹೊಟ್ಟೆಯ ಉರಿ ಎಂಬ ಹೆಸರಿನಲ್ಲಿ ದಾಖಲು ಮಾಡಿಕೊಂಡರೆಂದು ಹೇಳುತ್ತಾರೆ.

ಮೂರು, ಮದ್ದಿನ ದಾರಿ. 1965ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್, ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಮದ್ದನ್ನು ದಿನವೂ ಅಳತೆಯಲ್ಲಿ ಕೊಟ್ಟರೆ ಅವರು ಹಂಬಲ ತಣಿದು ಕೆಲಸಕಾರ್ಯಕ್ಕೆ ಮರಳುತ್ತಾರೆಂದು ತೋರಿಸಿದರು. ಇದೂ ಅಫೀಮಿನ ಜಾತಿಯದೇ ಮದ್ದಲ್ಲವೇ, ಚೀನಾದ ಮಾರ್ಫಿನ್ ಗುಳಿಗೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಇದು ನಿಧಾನವಾಗಿ ಕೆಲಸ ಮಾಡಿ ಇಡೀ ದಿನ ನಿಲ್ಲುತ್ತದೆ. ಅಮಲಿನ ಏರಿಳಿತ ತಪ್ಪುತ್ತದೆ. ವೈದ್ಯರ ಕಣ್ಣಮುಂದೆ, ಅಳತೆಯಲ್ಲಿ ನಡೆಯುತ್ತದೆ. ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಮದ್ದನ್ನು ನಮ್ಮ ದೇಶದಲ್ಲೂ ಚಿಕಿತ್ಸಾ ಕೇಂದ್ರಗಳಲ್ಲಿ ಕೊಡುತ್ತಾರೆ. ಇಂತಹ ಮದ್ದು ಪ್ರಾಣ ಉಳಿಸುತ್ತದೆ ಎಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ.

ನಾಲ್ಕು, ಪರಿಸರದ ಪಾಠ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ದಾಸರಾಗಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಊರಿಗೆ ಮರಳಿದ ಮೇಲೆ ಗಮನಿಸಿದರು. ಮೊದಲ ವರುಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಮಂದಿ ಮಾತ್ರ. ಯುದ್ಧಭೂಮಿ ಬಿಟ್ಟು ಮನೆ, ಕೆಲಸ, ಬಂಧುಬಳಗ ಸಿಕ್ಕಿದಾಗ ಬಹುಮಂದಿಗೆ ಚಟ ಕಳಚಿತು. 1997ರಲ್ಲಿ ಅಮೆರಿಕದ ಡಾಕ್ಟರ್ ಅಲನ್ ಲೆಶ್ನರ್ ವ್ಯಸನವು ಮಿದುಳಿನ ಕಾಯಿಲೆ ಎಂದು ಬರೆದದ್ದು ಹೆಸರಾಯಿತು. ಮಿದುಳೊಂದನ್ನೇ ನೋಡಿದರೆ ಸಾಲದು, ಮನಸ್ಸು ಮತ್ತು ಬದುಕಿನ ಸ್ಥಿತಿಗತಿಯನ್ನೂ ನೋಡಬೇಕೆಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ಧರ್ಮಸಭೆಯ ನಿಲುವು, ನಮ್ಮ ಕರ್ತವ್ಯ

ಮನುಷ್ಯನೆಂದರೆ ಬರೀ ದೇಹವಲ್ಲ, ಬರೀ ಇಚ್ಛಾಶಕ್ತಿಯೂ ಅಲ್ಲ. ದೇಹ, ಮನಸ್ಸು, ಬಂಧುಬಳಗ, ದೇವರ ಕೃಪೆ ಎಲ್ಲವೂ ಸೇರಿ ಒಬ್ಬ ಮನುಷ್ಯ. ಆದುದರಿಂದ ಈ ದಾರಿಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ತಳ್ಳುವುದು ಸರಿಯಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಾದಕ ವಸ್ತು ಸೇವನೆಯನ್ನು ಗಂಭೀರ ದೋಷವೆಂದೇ ಹೇಳುತ್ತದೆ. ಕದ್ದುಮುಚ್ಚಿ ತಯಾರಿಸಿ ಮಾರುವವರನ್ನು ಕಟುವಾಗಿ ಖಂಡಿಸುತ್ತದೆ. ಅದೇ ಗ್ರಂಥ ಇನ್ನೊಂದೆಡೆ, ಅಂಟಿಕೊಂಡ ಅಭ್ಯಾಸ, ಭಯ, ಬಲಾತ್ಕಾರ, ಮಿತಿಮೀರಿದ ಸೆಳೆತ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಕಲಿಸುತ್ತದೆ. ಮಾಡಿದ ಕೆಲಸ ಎಷ್ಟು ಕೆಟ್ಟದ್ದು ಎಂಬುದು ಒಂದು ಪ್ರಶ್ನೆ. ಮಾಡಿದವನ ಹೊಣೆ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಮಾರ್ಕರ ಗುರುಗಳ ಕಾಲದಲ್ಲಿ ಈ ಎರಡೂ ಒಂದಾಗಿ ಹೋಗಿದ್ದವು. ಇಂದು ಗುರುಗಳಾದ ನಮಗೆ ಆ ನೆಪವಿಲ್ಲ. ವ್ಯಸನಿಯೊಬ್ಬ ಪಾಪನಿವೇದನೆಗೆ ಬಂದು, ಚಿಕಿತ್ಸೆಗೆ ಹೋಗಲು ಒಪ್ಪಿದರೆ, ಅದೇ ಅವನ ದೃಢ ಸಂಕಲ್ಪದ ಮೊದಲ ಗುರುತು. ನಾಳೆ ಅವನು ಮತ್ತೆ ಬೀಳಬಹುದು. ಅಷ್ಟರಿಂದ ಇಂದಿನ ಸಂಕಲ್ಪ ಸುಳ್ಳಾಗುವುದಿಲ್ಲ. ಒಲ್ಲದ ಕೆಡುಕನ್ನೇ ಮಾಡುವ ತನ್ನೊಳಗಿನ ಕದನವನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ತೋಡಿಕೊಂಡಿದ್ದಾರಲ್ಲವೇ?

ಕುಟುಂಬದವರಿಗೆ ಎರಡು ಮಾತು. ಮರ್ಯಾದೆ ಹೋಗುತ್ತದೆಂದು ಮುಚ್ಚಿಡಬೇಡಿ. ಕೋಣೆಯಲ್ಲಿ ಕೂಡಿಹಾಕಿ, ಆಣೆ ಪ್ರಮಾಣ ಮಾಡಿಸಿ ಚಟ ಬಿಡಿಸಲು ಹೋಗಬೇಡಿ. ಬಹುಕಾಲ ಕುಡಿದವರು ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಿದೆ. ಹೆರಾಯಿನ್‌ನಂಥದ್ದನ್ನು ಕೆಲಕಾಲ ಬಿಟ್ಟವನು ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ದೇಹ ತಾಳದೆ ಸಾಯಬಹುದು. ಆದ್ದರಿಂದ ವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಿ ಸಲಹೆ ಕೇಳಬಹುದು. ಮಾತ್ರೆ ಕೊಟ್ಟರೆಂದು ಪ್ರಾರ್ಥನೆ ಬಿಡಬೇಡಿ, ಪ್ರಾರ್ಥನೆ ಇದೆಯೆಂದು ಮಾತ್ರೆ ಬಿಡಬೇಡಿ.

ಎಲ್ಲಕ್ಕೂ ಮಿಗಿಲಾಗಿ, ಬಿದ್ದವನನ್ನು ಬಿದ್ದ ಎಣಿಕೆಯಿಂದ ಅಳೆಯಬೇಡಿ. ಮಾರ್ಕರನ್ನು ಹಾಗೆ ಅಳೆದಿದ್ದರೆ ಮೂವತ್ತು ವರುಷ ಸೋತ ಮುದುಕನೊಬ್ಬ ಮಾತ್ರ ಕಾಣುತ್ತಿದ್ದ. ದೇವರು ಕಂಡದ್ದು ಮೂವತ್ತು ವರುಷ ಬಾಗಿಲು ಬಿಟ್ಟು ಕದಲದ ಮಗನನ್ನು. ಮುಂದಿನ ಭಾನುವಾರ ನಿಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ, ಅಂಥವನೊಬ್ಬ ಕೂತಿರಬಹುದು. ಪೂಜೆ ಮುಗಿದ ಮೇಲೆ ಅವನನ್ನು ಹೆಸರು ಹಿಡಿದು ಮಾತಾಡಿಸಿ, ಒಂದು ಲೋಟ ಕಾಫಿಗೆ ಕರೆಯಿರಿ. ಸಂತ ಮಾರ್ಕ್ ಜಿ ಅವರು ಅವನಿಗಾಗಿಯೂ ನಮಗಾಗಿಯೂ ಪ್ರಾರ್ಥಿಸಲಿ.